ಶಿವು ಬಿಟ್ಟ ಬೆಂಚು

ನಮ್ಮ ಮನೆಯಲ್ಲಿ ಎಂಥ ಮಾತಾದರೂ ಊಟದ ತಾಟಿನ ಮುಂದೆಯೇ ತೀರ್ಮಾನವಾಗಬೇಕು. ನಾಸಿಕ್ ರೋಡ್ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಹಳೆಯ ಎರಡಂತಸ್ತಿನ ಮನೆ ಅದು. ಕೆಳಗೆ ಅಪ್ಪ ಮತ್ತು ಕಾಕಾ ಕೂಡಿ ನಡೆಸುತ್ತಿದ್ದ ಕರೆಂಟು ಸಾಮಾನಿನ ಅಂಗಡಿ. ಮೇಲೆ ನಾಲ್ಕು ಖೋಲಿಗಳಲ್ಲಿ ನಾವು ಏಳು ಮಂದಿ: ಅಪ್ಪನ ತಾಯಿ, ಅವರನ್ನು ನಾವು ಆಯಿ ಅನ್ನುತ್ತಿದ್ದೆವು, ಅಪ್ಪ, ಅವ್ವ, ನಾನು, ಅಪ್ಪನ ತಮ್ಮ ಕಾಕಾ, ಅವರ ಹೆಂಡತಿ ಕಾಕು, ಅವರ ಒಬ್ಬನೇ ಮಗ ಶಿವರಾಜ. ಶಿವು ನನಗಿಂತ ಮೂರು ತಿಂಗಳು ಸಣ್ಣವನು. ಒಂದೇ ಶಾಲೆ, ಒಂದೇ ತರಗತಿ, ಒಂದೇ ರಿಕ್ಷಾ. ಮನೆಯೊಳಗೆ ಬೀದರ್ ಕಡೆಯ ಕನ್ನಡ, ಮೆಟ್ಟಿಲು ಇಳಿದರೆ ಮರಾಠಿ. ಶಿವು ಮಾತ್ರ ಮನೆಯೊಳಗೂ ಮರಾಠಿಯನ್ನೇ ಆಡುತ್ತಿದ್ದ. ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ ಕೊಡುವ ಹುಡುಗ. ಬೆಳಿಗ್ಗೆ ಆಯಿ ಲಿಂಗಪೂಜೆಗೆ ಕೂತಾಗ ಯಾರೂ ಬಾಯಿ ತೆರೆಯುವಂತಿರಲಿಲ್ಲ. ಆ ಅರ್ಧ ತಾಸು ಸ್ಟೇಷನ್ನಿನ ಧ್ವನಿವರ್ಧಕ ಯಾವ ಗಾಡಿ ಎಷ್ಟು ತಡ ಎಂದು ಹೇಳುವುದಷ್ಟೇ ಮನೆಯಲ್ಲಿ ಕೇಳುತ್ತಿತ್ತು. ಪೂಜೆ ಮುಗಿದ ಕೂಡಲೇ ಅಲ್ಲಿಯತನಕ ತಡೆದಿಟ್ಟುಕೊಂಡ ಜಗಳಗಳೆಲ್ಲ ಒಮ್ಮೆಲೇ ಶುರುವಾಗುತ್ತಿದ್ದವು.

ನಮ್ಮದು ಖಾಸಗಿ ಶಾಲೆ. ಟೈ, ಬೂಟು, ಪ್ರಾರ್ಥನೆಯ ಸಾಲಿನಲ್ಲಿ ಉಗುರು ತಪಾಸಣೆ, ತಿಂಗಳಿಗೊಮ್ಮೆ ಪಾಲಕರ ಸಭೆ. ಒಂಬತ್ತನೇ ತರಗತಿಗೆ ಬಂದವರು ಒಂದು ಐಚ್ಛಿಕ ವಿಷಯ ಆರಿಸಿಕೊಳ್ಳಬೇಕಿತ್ತು: ಗೃಹವಿಜ್ಞಾನ, ಚಿತ್ರಕಲೆ, ಸಂಗೀತ, ಇಲ್ಲವೆ ಟೆಕ್ನಿಕಲ್. ಟೆಕ್ನಿಕಲ್ ಅಂದರೆ ಮರಗೆಲಸ ಮತ್ತು ವೈರಿಂಗ್. ಜೂನ್ ತಿಂಗಳಲ್ಲಿ ಶಾಲೆಯಿಂದ ಫಾರ್ಮು ತಂದು ಇಬ್ಬರೂ ತಾಟಿನ ಪಕ್ಕ ಇಟ್ಟುಕೊಂಡು ಕೂತೆವು.

“ಶಿವೂಗ ಟೆಕ್ನಿಕಲ್ ಬರೀರಿ ಅಣ್ಣಾ,” ಕಾಕಾ ಹೇಳಿದರು. “ನಾಳಿ ಅಂಗಡಿ ನೋಡ್ಕೊಳ್ಳಾಂವ ಅವನೇ.”

“ಗಿರಿಜಾಗ ಹೋಮ್ ಸೈನ್ಸ್ ಆತು,” ಆಯಿ ಅಂದರು. “ಮಾರ್ಕ್ಸೂ ಬರ್ತಾವ, ಕೈಗಿ ಕೆಲಸಾನೂ ಬರ್ತದ.”

ನಾನು ತಲೆ ಎತ್ತದೆ, “ನನಗ ಟೆಕ್ನಿಕಲ್ ಬೇಕು,” ಅಂದೆ.

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

“ಹುಡುಗ್ಯಾರು ಯಾರರೆ ತಗೊಂಡಾರೇನು?”

“ಇಲ್ರಿ.”

“ಮತ್ತ?”

ಅಂಗಡಿಯಲ್ಲಿ ಕೂತು ಹೋಲ್ಡರು, ಸ್ವಿಚ್ಚು, ಫ್ಯೂಸು ಬಿಚ್ಚಿ ಮತ್ತೆ ಕೂಡಿಸುವುದು ನನಗೆ ಏಳನೇ ತರಗತಿಯಿಂದಲೇ ಬರುತ್ತಿತ್ತು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಅಷ್ಟರಲ್ಲಿ ಶಿವು ತಾಟಿನೊಳಗೆ ನೋಡುತ್ತಲೇ ಮೆಲ್ಲಗೆ, “ಮಲಾ ನಕೊ ಟೆಕ್ನಿಕಲ್,” ಅಂದ. ತನಗೆ ಬೇಡ ಎಂದು. ಕಾಕಾ ಕಣ್ಣೆತ್ತಿ ನೋಡಿದರು, ಅಷ್ಟೇ. ಅವನು ತುತ್ತು ಬಾಯಿಗಿಟ್ಟುಕೊಂಡ. ಬಡಿಸುತ್ತಿದ್ದ ಕಾಕುವಿನ ಕೈಯ ಸೌಟು ಒಂದು ಗಳಿಗೆ ಗಾಳಿಯಲ್ಲೇ ನಿಂತಿತ್ತು. ಅದನ್ನು ಗಮನಿಸಿದ್ದೆ, ಆದರೆ ಯಾಕೆ ಎಂದು ಆಗ ತಿಳಿಯಲಿಲ್ಲ.

ಫಾರ್ಮಿನಲ್ಲಿ ಅವನಿಗೆ ಟೆಕ್ನಿಕಲ್, ನನಗೆ ಗೃಹವಿಜ್ಞಾನ ಎಂದೇ ಬಿತ್ತು. ಶಿವು ಬೇಡವೆಂದದ್ದು ಯಾಕೆಂದು ಜುಲೈ ತಿಂಗಳಲ್ಲಿ ಗೊತ್ತಾಯಿತು. ಮನೆಯಲ್ಲಿ ಮಾಡಿಕೊಂಡು ಬನ್ನಿ ಎಂದು ಶಾಲೆಯಲ್ಲಿ ಟೆಕ್ನಿಕಲ್ ಮಕ್ಕಳಿಗೆ ಒಂದೊಂದು ಮರದ ಹಲಗೆ, ಎರಡು ಸ್ವಿಚ್ಚು, ಒಂದು ಹೋಲ್ಡರು ಕೊಟ್ಟು ಕಳಿಸಿದ್ದರು. ಶಿವು ಮನೆಯ ಮೇಲಿನ ಗಚ್ಚಿಯಲ್ಲಿ ಕೂತು ತಂತಿ ಜೋಡಿಸುತ್ತಿದ್ದ. ಕೆಂಪು ಹೋಗಬೇಕಾದಲ್ಲಿ ಹಸಿರು ತಂತಿ ಹಾಕಿ ತಿರುಪು ಬಿಗಿದ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು ನಕ್ಕೆ. ಅವನು ನಗಲಿಲ್ಲ. ಅವನ ಮುಖ ನೋಡಿದಾಗ ನನ್ನ ನಗೆಯೂ ಅಲ್ಲೇ ಇಂಗಿತು. ಒಂದು ಕೆಂಪು, ಒಂದು ಹಸಿರು ತುಂಡು ಎತ್ತಿ ಹಿಡಿದು ಯಾವುದು ಯಾವುದು ಎಂದು ಕೇಳಿದೆ. ಬಹಳ ಹೊತ್ತು ನೋಡಿ ಒಂದನ್ನು ತೋರಿಸಿದ, ತಪ್ಪಾಗಿತ್ತು. ಆಮೇಲೆ ಒಂದೊಂದಾಗಿ ಹಳೆಯದೆಲ್ಲ ನೆನಪಾಯಿತು. ಮೈದಾನದ ಹುಲ್ಲಿನಲ್ಲಿ ಕೆಂಪು ಚೆಂಡು ಅವನ ಕಾಲ ಬುಡದಲ್ಲೇ ಇದ್ದರೂ ಹುಡುಕುತ್ತಿದ್ದದ್ದು. ಫುಟ್‌ಬಾಲ್ ಆಟದಲ್ಲಿ ಅಂಗಿಯ ಬಣ್ಣ ತಿಳಿಯದೆ ಎದುರು ತಂಡದವನಿಗೆ ಚೆಂಡು ಕೊಟ್ಟು ಬೈಸಿಕೊಂಡದ್ದು. ಟೊಮ್ಯಾಟೊ ಆರಿಸಿ ತಾ ಎಂದರೆ ಒಂದೊಂದನ್ನೂ ಒತ್ತಿ ನೋಡುತ್ತಿದ್ದದ್ದು.

ಯಾರಿಗೂ ಹೇಳಬಾರದು ಎಂದು ಅವನು ನನ್ನಿಂದ ಆಯಿಯ ಲಿಂಗದ ಆಣೆ ಹಾಕಿಸಿಕೊಂಡ. ಕಾಕಾ ಅಂಗಡಿಗೆ ಬಂದವರ ಮುಂದೆ, “ನನ್ನ ಮಗ ಕಣ್ಣು ಮುಚ್ಚಿ ವೈರಿಂಗ್ ಮಾಡ್ತಾನ,” ಎಂದು ಹೇಳಿಕೊಳ್ಳುತ್ತಿದ್ದ ದಿನಗಳವು. ಆಣೆ ಹಾಕಿದ ಮೇಲೆ ನಾನು ಒಂದು ಉಪಾಯ ಮಾಡಿದೆ. ಈಗ ನೆನೆಸಿದರೆ ಎಲ್ಲದರ ಬೇರು ಅದೇ. ಅಂಗಡಿಯಿಂದ ತಂತಿ ತಂದು, ಹಸಿರಿನ ತುದಿಯಲ್ಲಿ ಬ್ಲೇಡಿನಿಂದ ಸಣ್ಣ ಗೀರು ಹಾಕಿ ಕೊಡುವುದು. ಬೆರಳಿಗೆ ಗೀರು ಸಿಕ್ಕಿದರೆ ಅದು ಅರ್ಥಿಂಗ್, ಸಾಮಾನಿನ ಕಬ್ಬಿಣದ ಮೈಗೆ ಕೂಡುವ ತಂತಿ. ಸಿಗದಿದ್ದರೆ ಕೆಂಪು, ಅದರಲ್ಲೇ ಕರೆಂಟು ಬರುವುದು. ಕಪ್ಪು ಅವನಿಗೆ ಕಾಣುತ್ತಿತ್ತು. ತರಗತಿಗೂ ಅವನು ಮನೆಯ ತಂತಿಯನ್ನೇ ಒಯ್ಯುತ್ತಿದ್ದ. ಅಂಗಡಿಯವರ ಮಗ ಎಂದು ಯಾರೂ ಕೇಳುತ್ತಿರಲಿಲ್ಲ. ಮನೆಯ ಹಲಗೆಗಳನ್ನು ನಾನೇ ಜೋಡಿಸಿಬಿಡುತ್ತಿದ್ದೆ. ಅವನಿಗೆ ಸಹಾಯ ಮಾಡುತ್ತೇನೆ ಎನ್ನುವುದು ಅರ್ಧ ಮಾತ್ರ ಖರೆ. ಆ ಕೆಲಸ ನನಗೆ ಬೇಕಾಗಿತ್ತು. ಗೃಹವಿಜ್ಞಾನದ ಖೋಲಿಯಲ್ಲಿ ಕೂತು ಕಾಜ ಹೊಲಿಯುವಾಗ, ಅಂಗಳದಾಚೆಯ ಟೆಕ್ನಿಕಲ್ ಖೋಲಿಯಿಂದ ಗರಗಸದ ಸದ್ದು ಬರುತ್ತಿತ್ತು, ಬೆಸುಗೆಯ ವಾಸನೆ ಬರುತ್ತಿತ್ತು. ಸೂಜಿ ಬೆರಳಿಗೆ ಚುಚ್ಚಿದಾಗಲೂ ನನ್ನ ಕಣ್ಣು ಅತ್ತಲೇ ಇರುತ್ತಿತ್ತು.

ಟೆಕ್ನಿಕಲ್ ಕಲಿಸುತ್ತಿದ್ದವರು ಜಾಧವ ಸರ್. ಐವತ್ತು ದಾಟಿದವರು, ಮಾತು ಕಡಿಮೆ, ಸಿಟ್ಟು ಜಾಸ್ತಿ. ತಪ್ಪು ಮಾಡಿದ ಹುಡುಗರ ಕಿವಿಯ ಮೇಲಿನ ಕೂದಲು ಹಿಡಿದು ಎಳೆಯುವುದು ಅವರ ರೂಢಿ. ದೀಪಾವಳಿಗೆ ಮೊದಲಿನ ಪರೀಕ್ಷೆಯ ವಾರ, ಮಂಗಳವಾರ, ತಡವಾಗಿ ಬಂದನೆಂದು ಶಿವೂನ ಕೂದಲು ಎಳೆದು ಇಡೀ ತರಗತಿಯ ಮುಂದೆ ನಿಲ್ಲಿಸಿದರು. ತನ್ನ ಜಾಗಕ್ಕೆ ಹೋಗಿ ಕೂತಾಗ ಅವನು ಹಲ್ಲು ಕಚ್ಚಿ, “ಬಘೂನ್ ಘೇತೊ,” ಅಂದನಂತೆ. ನೋಡಿಕೊಳ್ಳುತ್ತೇನೆ ಎಂದು. ಆ ವಯಸ್ಸಿನ ಹುಡುಗರು ದಿನಕ್ಕೆ ಹತ್ತು ಸಲ ಅನ್ನುವ ಮಾತು. ಆದರೆ ಪಕ್ಕದ ಬೆಂಚಿನವರಿಗೆ ಅದು ಕೇಳಿಸಿತ್ತು.

ಗುರುವಾರ ಪ್ರಾಕ್ಟಿಕಲ್ ಪರೀಕ್ಷೆ. ಒಂದೊಂದು ಇಸ್ತ್ರಿ ಪೆಟ್ಟಿಗೆಯ ತಂತಿಗೆ ಮೂರು ಪಿನ್ನಿನ ಪ್ಲಗ್ಗು ಜೋಡಿಸುವುದು. ನಾವು ಹಿಂದಿನ ದಿನ ಗೀರು ಹಾಕಿದ ತಂತಿ ಸಿದ್ಧ ಮಾಡಿಟ್ಟಿದ್ದೆವು. ಆದರೆ ಅವತ್ತು ಸರ್, ಮನೆಯಿಂದ ತಂದದ್ದು ನಡೆಯುವುದಿಲ್ಲ ಎಂದು, ಹೊಸ ತಂತಿ ಹಾಕಿದ ಶಾಲೆಯ ಇಸ್ತ್ರಿ ಪೆಟ್ಟಿಗೆಗಳನ್ನೇ ಎಲ್ಲರಿಗೂ ಹಂಚಿದರು. ನಾನು ಅಂಗಳದ ಈಚೆ ಗೃಹವಿಜ್ಞಾನದ ಪರೀಕ್ಷೆಯಲ್ಲಿ ಅಂಗಿಯ ತುಂಡಿಗೆ ಮಡಿಕೆ ಹೊಲಿಯುತ್ತಿದ್ದೆ. ಮೊದಲು ಬೆಂಚು ಉರುಳಿದ ಸದ್ದು ಬಂತು, ಆಮೇಲೆ ಹುಡುಗರ ಕೂಗು. ಬಟ್ಟೆ ಕೈಯಲ್ಲೇ ಹಿಡಿದುಕೊಂಡು ಓಡಿದೆ. ಜಾಧವ ಸರ್ ನೆಲದ ಮೇಲೆ ಬಿದ್ದಿದ್ದರು. ಎಡಗೈ ಮಣಿಕಟ್ಟಿನಲ್ಲಿ ಸೊಟ್ಟಗಾಗಿತ್ತು, ತುಟಿ ಬಿಳಿಚಿಕೊಂಡಿತ್ತು. ಯಾರೋ ಮೇನ್ ಸ್ವಿಚ್ ಆರಿಸಿದ್ದರು. ಶಿವೂನ ಇಸ್ತ್ರಿ ಪೆಟ್ಟಿಗೆ ಬಿಸಿಯಾಗುತ್ತಿಲ್ಲ ಯಾಕೆ ಎಂದು ನೋಡಲು ಸರ್ ಅದನ್ನು ಮುಟ್ಟಿದ್ದರು. ಕೆಂಪಿನ ಜಾಗದಲ್ಲಿ ಹಸಿರು ಸೇರಿ ಕಬ್ಬಿಣಕ್ಕೇ ಕರೆಂಟು ಹರಿದಿತ್ತು. ಶಿವು ಸ್ಕ್ರೂಡ್ರೈವರ್ ಹಿಡಿದುಕೊಂಡು ಕಲ್ಲಿನಂತೆ ನಿಂತಿದ್ದ. ನನ್ನನ್ನು ನೋಡಿದ ಕೂಡಲೇ ತಲೆಯನ್ನು ಬಲು ಸಣ್ಣದಾಗಿ ಅಲ್ಲಾಡಿಸಿದ. ಬೇಡ, ಎಂದು.

ಸರ್ ಬದುಕಿದ್ದೇ ದೊಡ್ಡದು ಎಂದು ಆಸ್ಪತ್ರೆಯಲ್ಲಿ ಹೇಳಿದರು. ಕೈ ಮುರಿದಿತ್ತು. ಶುಕ್ರವಾರ ಬೆಳಿಗ್ಗೆ ಶಾಲೆಯಿಂದ ಫೋನು ಬಂತು. ಅಂಗಡಿಯವರ ಮಗನಿಗೆ ಯಾವ ತಂತಿ ಎಲ್ಲಿ ಹೋಗಬೇಕೆಂದು ಗೊತ್ತಿಲ್ಲದೆ ಇರುತ್ತದೆಯೇ, ಮಂಗಳವಾರ ಬೆದರಿಕೆ ಹಾಕಿದ್ದಾನೆ, ಗುರುವಾರ ಮಾಡಿ ತೋರಿಸಿದ್ದಾನೆ ಎಂಬುದು ಅವರ ಲೆಕ್ಕ. ಸೋಮವಾರ ಹನ್ನೊಂದಕ್ಕೆ ಪಾಲಕರು ಬರಬೇಕು. ಲೀವಿಂಗ್ ಸರ್ಟಿಫಿಕೇಟ್ ಕೊಟ್ಟು ಕಳಿಸುವುದೋ, ಪೊಲೀಸರಿಗೆ ತಿಳಿಸುವುದೋ ಅವತ್ತು ತೀರ್ಮಾನ.

ಕಾಕಾ ಫೋನು ಇಟ್ಟು, ಶಿವೂನ ತೋಳು ಹಿಡಿದು ಒಳಗಿನ ಖೋಲಿಗೆ ಎಳೆದುಕೊಂಡು ಹೋದರು. ಬಾಗಿಲು ಹಾಕಿಕೊಳ್ಳಲಿಲ್ಲ. ಆಯಿ ಪೂಜೆಗೆ ಕೂತಿದ್ದರು. ಆ ಹೊತ್ತಿನಲ್ಲಿ ಮನೆಯಲ್ಲಿ ಸದ್ದಾದದ್ದು ಅದೇ ಮೊದಲು.

“ಬೇಕಂತ ಮಾಡಿದೆ? ಹೇಳು! ಬೇಕಂತ ಮಾಡಿದೆ?”

ಪೆಟ್ಟಿನ ಸದ್ದು. ಶಿವು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಅಪ್ಪ ನಡುವೆ ಹೋಗಿ ಬಿಡಿಸಿದರು. ಅವತ್ತು ಯಾರೂ ಕೂಡಿ ಉಣ್ಣಲಿಲ್ಲ. ಆಯಿ ನೀರು ಕೂಡ ಮುಟ್ಟದೆ ಗೋಡೆಗೆ ಮುಖ ಮಾಡಿ ಕೂತರು. ಮಧ್ಯಾಹ್ನ ನಾನು ಗಚ್ಚಿಗೆ ಹೋದೆ. ಶಿವು ನೀರಿನ ಟಾಕಿಯ ನೆರಳಿನಲ್ಲಿ ಕೂತಿದ್ದ. ಕೆನ್ನೆಯ ಮೇಲೆ ಬೆರಳ ಗುರುತು ಇನ್ನೂ ಇತ್ತು.

“ನಾ ಹೇಳ್ತೀನಿ ಶಿವು,” ಅಂದೆ. “ಕಣ್ಣಿನ ಡಾಕ್ಟ್ರು ಬರ್ದು ಕೊಟ್ರ ಮುಗೀತು.”

“ನೀನು ಆಣೆ ಹಾಕಿದ್ದೀ,” ಮರಾಠಿಯಲ್ಲಿ ಅಂದ. “ಬದಮಾಶ್ ಅಂದ್ರೆ ಅನ್ನಲಿ. ಕುರುಡ ಅನ್ನಿಸಿಕೊಳ್ಳಲಾರೆ. ಅಪ್ಪ ಆಮೇಲೆ ನನ್ನ ಕಡೆ ನೋಡೋದೂ ಇಲ್ಲ.”

“ಪೊಲೀಸರು ಬಂದ್ರ?”

“ಬರಲಿ.”

ಹದಿನಾಲ್ಕರ ಹುಡುಗ. ಅವನು ಹಿಂದೆಗೆಯುವುದಿಲ್ಲ ಎಂದು ತಿಳಿಯಿತು. ಗೀರಿನ ಉಪಾಯ ನಾನು ಮಾಡಿರದಿದ್ದರೆ ಜುಲೈ ತಿಂಗಳಲ್ಲೇ ತರಗತಿಯಲ್ಲಿ ಸಿಕ್ಕಿಬೀಳುತ್ತಿದ್ದ, ಯಾರ ಕೈಯೂ ಮುರಿಯುತ್ತಿರಲಿಲ್ಲ ಎನ್ನುವುದೂ ತಿಳಿಯಿತು.

ಶನಿವಾರ ಶಾಲೆಗೆ ರಜೆ ಹಾಕಿಸಿದರು. ಅಡುಗೆಮನೆಯಲ್ಲಿ ಕಾಕು ರೊಟ್ಟಿ ಬಡಿಯುತ್ತಿದ್ದಳು. ಅವ್ವ ಕೆಳಗೆ ನೀರು ಹಿಡಿಯಲು ಹೋಗಿದ್ದಳು. ನಾನು ಒಲೆಯ ಮುಂದೆ ಕೂತಾಗ ಕಾಕು ಕೈ ನಿಲ್ಲಿಸದೆ ಕೇಳಿದಳು.

“ನಿನಗ ಗೊತ್ತದ ಅಲ್ಲ?”

“ಏನು?”

“ಅವನ ಕಣ್ಣಿಂದು.”

ಕಾಕುವಿಗೆ ಮೊದಲಿಂದ ಗೊತ್ತಿತ್ತು. ಔರಂಗಾಬಾದಿನಲ್ಲಿದ್ದ ಅವಳ ಅಣ್ಣನಿಗೂ ಹಾಗೆಯೇ. ಊರಿಗೆ ಈಗ ಛತ್ರಪತಿ ಸಂಭಾಜಿನಗರ ಎಂಬ ಹೆಸರು, ಆಗ ಔರಂಗಾಬಾದು. ರೈಲ್ವೆ ನೌಕರಿಗೆ ಎಲ್ಲದರಲ್ಲೂ ಪಾಸಾಗಿ, ಕಣ್ಣಿನ ತಪಾಸಣೆಯಲ್ಲಿ ಬಣ್ಣ ಕಾಣದೆ ಅಣ್ಣ ವಾಪಸು ಬಂದಿದ್ದನಂತೆ. ಇದು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವುದು ಎಂದು ಅವತ್ತೇ ಡಾಕ್ಟರು ಹೇಳಿದ್ದರು. ಶಿವು ಮೂರು ವರ್ಷದವನಿದ್ದಾಗಲೇ, ಹಸಿಮೆಣಸಿನಕಾಯಿಯನ್ನೂ ಕೆಂಪು ಮೆಣಸಿನಕಾಯಿಯನ್ನೂ ಒಂದೇ ಡಬ್ಬಿಗೆ ತುಂಬಿ ಆಡುತ್ತಿದ್ದವನನ್ನು ನೋಡಿ ಅವಳಿಗೆ ತಿಳಿದುಹೋಗಿತ್ತು.

“ಲಗ್ನದಾಗ ನಮ್ಮ ಮನಿಯವರು ಮುಚ್ಚಿಟ್ರು ಗಿರಿಜಾ. ಈಗ ಹೊರಗ ಬಿದ್ರ ನಿಮ್ಮ ಕಾಕಾ ಮಗನ್ನ ಬಿಟ್ಟು ನನ್ನ ಹಿಡಿತಾರ. ನೀ ಹೇಳ್ಬ್ಯಾಡ. ಬ್ಯಾರೆ ಸಾಲಿಗಿ ಹಾಕೋಣು. ಸಾಲಿ ಏನು, ಇದೊಂದೇ ಅದಾ ಏನು?”

“ಪೊಲೀಸ್ ಕಂಪ್ಲೇಂಟ್ ಕೊಟ್ರ, ಕಾಕು?”

ಅವಳು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ಸುಮ್ಮನೆ ನೋಡುತ್ತ ಕೂತಳು. ಅದು ಸೀದುಹೋಗುವ ತನಕ ತಿರುವಲಿಲ್ಲ. ಕಾಕುವಿನ ಕೈಯಲ್ಲಿ ರೊಟ್ಟಿ ಸೀದದ್ದನ್ನು ನಾನು ಮತ್ತೆಂದೂ ನೋಡಿಲ್ಲ.

ಭಾನುವಾರ ಆಯಿ ಪಂಚವಟಿಯ ಶಿವನ ಗುಡಿಗೆ ಹೋಗೋಣ ಎಂದು ಹಟ ಹಿಡಿದರು. ಅವ್ವ, ನಾನು, ಆಯಿ ರಿಕ್ಷಾ ಮಾಡಿಕೊಂಡು ಹೋದೆವು. ಗೋದಾವರಿಯ ದಂಡೆಯಲ್ಲಿ ಜನವೋ ಜನ, ರಿಕ್ಷಾಗಳ ಹಾರನ್ನು, ಪೂಜೆ ಮಾಡಿಸುವವರ ಕೂಗು. ಆಯಿ ಸಾಲಿನಲ್ಲಿ ನಿಂತಾಗ ಅವ್ವ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡಳು.

“ನಿನಗ ಏನೋ ಗೊತ್ತದ. ನಾ ಏನಂತ ಕೇಳಂಗಿಲ್ಲ,” ಅಂದಳು. “ಆದ್ರ ಗೊತ್ತಿದ್ದೂ ಬಾಯಿ ಮುಚ್ಚಿದ್ರ ನಾಳಿ ಆ ಹುಡುಗನ ಹಣೆಬರಹ ನೀನೇ ಬರ್ದಂಗ ಆತದ.”

“ಹೇಳಿದ್ರ ಮನಿ ಒಡೀತದ ಅವ್ವ.”

“ಒಡದ್ರ ಎರಡು ಮನಿ ಆತಾವ. ಹುಡುಗ ಒಡದ್ರ?” ಅಂದಳು.

ಸೋಮವಾರ ನಾನು ಎಂದಿನಂತೆ ಶಾಲೆಗೆ ಹೋದೆ. ಹನ್ನೊಂದು ಗಂಟೆಗೆ ಗಣಿತದ ಪೀರಿಯಡ್. ಕಿಟಕಿಯಿಂದ ಅಪ್ಪ, ಕಾಕಾ, ನಡುವೆ ಶಿವು ಅಂಗಳ ದಾಟುವುದು ಕಂಡಿತು. ಅವರ ಹಿಂದೆ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ಕೈ ಇಟ್ಟುಕೊಂಡು ಜಾಧವ ಸರ್ ಹೋದರು. ನೀರು ಕುಡಿಯಲು ಎಂದು ಹೇಳಿ ಎದ್ದೆ. ನೀರಿನ ನಲ್ಲಿ ದಾಟಿ, ಆಫೀಸು ದಾಟಿ, ಪ್ರಿನ್ಸಿಪಾಲ್ ಮ್ಯಾಡಮ್ಮರ ಬಾಗಿಲಿನ ಮುಂದೆ ನಿಂತೆ. ಒಳಗೆ ಕಾಕಾ ಅಳುತ್ತಿದ್ದರು. ಅಂಗಡಿಯಲ್ಲಿ ನಾಲ್ಕು ಜನರನ್ನು ಗದರಿಸುವ ಕಾಕಾ ಕೈ ಮುಗಿದುಕೊಂಡು, “ಹುಡುಗ ಹಾದಿ ತಪ್ಪಿದ್ದಾನೆ, ನಾನೇ ಕ್ಷಮೆ ಕೇಳುತ್ತೇನೆ,” ಎಂದು ಮರಾಠಿಯಲ್ಲಿ ಹೇಳುತ್ತಿದ್ದರು. ನಾನು ಕೇಳದೆಯೇ ಬಾಗಿಲು ನೂಕಿದೆ.

“ಅವನು ಬೇಕಂತ ಮಾಡಿಲ್ಲ ಮ್ಯಾಡಮ್. ಅವನಿಗೆ ಕೆಂಪು, ಹಸಿರು ಬೇರೆ ಬೇರೆ ಕಾಣುವುದಿಲ್ಲ. ನಾನು ತಂತಿಗೆ ಗುರುತು ಮಾಡಿ ಕೊಡುತ್ತಿದ್ದೆ. ಅವತ್ತು ಗುರುತಿಲ್ಲದ ತಂತಿ ಸಿಕ್ಕಿತು.”

ಒಂದೇ ಉಸಿರಿನಲ್ಲಿ ಹೇಳಿದೆ. ಶಿವು ನನ್ನ ಕಡೆ ನೋಡಿದ ನೋಟ ಇವತ್ತಿಗೂ ಹಾಗೆಯೇ ಇದೆ ನನ್ನೊಳಗೆ. ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅದು ಸಿಟ್ಟಲ್ಲ. ನಡುಬೀದಿಯಲ್ಲಿ ಯಾರೋ ತನ್ನ ಬಟ್ಟೆ ಕಿತ್ತುಕೊಂಡಂತೆ ನೋಡಿದ.

“ಸುಳ್ಳು,” ಕಾಕಾ ಅಂದರು. “ತಮ್ಮನ್ನ ಉಳಿಸಾಕ ಸುಳ್ಳು ಹೇಳ್ಲಾಕತ್ತಾಳ. ನನ್ನ ಮಗನ ಕಣ್ಣಿಗಿ ಏನೂ ಆಗಿಲ್ಲ.”

ಮ್ಯಾಡಮ್ ಸರ್ ಕಡೆ ನೋಡಿದರು. ಜಾಧವ ಸರ್ ಎದ್ದು ಹೋಗಿ, ತಮ್ಮ ಖೋಲಿಯಿಂದ ತುಂಡು ತಂತಿಗಳ ಡಬ್ಬಿಯೊಂದನ್ನು ಸರಿಯಿದ್ದ ಕೈಯಲ್ಲಿ ತಂದರು. ಮೇಜಿನ ಮೇಲೆ ಸುರಿದರು. ಹುಡುಗರ ಕೂದಲು ಎಳೆಯುವ ಆ ಮನುಷ್ಯ ಶಿವೂನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು, ನಾನು ಎಂದೂ ಕೇಳಿರದ ದನಿಯಲ್ಲಿ, ಕೆಂಪು ತಂತಿಗಳನ್ನಷ್ಟೇ ತೆಗೆದು ಕೊಡು ಮಗಾ ಎಂದರು. ಶಿವು ರಾಶಿಯನ್ನು ನೋಡಿದ. ಕೈ ಮುಂದೆ ಮಾಡಿದ. ಒಂದನ್ನು ಎತ್ತಿದ, ಇಟ್ಟ. ಇನ್ನೊಂದನ್ನು ಎತ್ತಿದ. ಅದು ಹಸಿರು. ಅಪ್ಪ ಕಣ್ಣು ಮುಚ್ಚಿಕೊಂಡರು. ಆಗ ಶಿವು ತಂತಿಯನ್ನು ಕೆಳಗಿಟ್ಟು ಕಾಕಾನ ಕಡೆ ತಿರುಗಿ, ಮನೆಯಲ್ಲೂ ಆಡದ ಕನ್ನಡದಲ್ಲಿ ಹೇಳಿದ:

“ಕಾಣಂಗಿಲ್ಲ ಅಪ್ಪಾ. ಸಣ್ಣಂವ ಇದ್ದಾಗಿಂದ ಕಾಣಂಗಿಲ್ಲ.”

ಸರ್‌ಗೆ ಭಾಷೆ ಬರುತ್ತಿರಲಿಲ್ಲ. ಆದರೂ ಅವರೇ ಮೊದಲು ಅವನ ಭುಜದ ಮೇಲೆ ಕೈಯಿಟ್ಟದ್ದು. ದೂರು ಬೇಡ ಎಂದು ಅಲ್ಲೇ ಹೇಳಿದರು. ತಮ್ಮದೇ ತಪ್ಪು, ಪ್ಲಗ್ಗು ಹಾಕುವ ಮೊದಲು ತಪಾಸಣೆ ಮಾಡಬೇಕಿತ್ತು ಎಂದರು. ಕಣ್ಣಿನ ಡಾಕ್ಟರಿಂದ ಕಾಗದ ತಂದರೆ ಶಿವು ಬೇರೆ ಐಚ್ಛಿಕ ವಿಷಯ ತೆಗೆದುಕೊಳ್ಳಬಹುದು ಎಂದು ಮ್ಯಾಡಮ್ ಹೇಳಿದರು. ಶಾಲೆಯ ಮಟ್ಟಿಗೆ ಅದು ಅಲ್ಲಿಗೆ ಮುಗಿಯಿತು.

ಮನೆಯ ಮಟ್ಟಿಗೆ ಅವತ್ತು ಶುರುವಾಯಿತು. ಡಾಕ್ಟರು ತಪಾಸಣೆ ಮಾಡಿ, ಇದು ತಾಯಿಯ ಕಡೆಯಿಂದ ಬರುವಂಥದ್ದು, ಔಷಧಿ ಇಲ್ಲ, ಅಪಾಯವೂ ಇಲ್ಲ ಎಂದು ಕಾಕಾನ ಎದುರೇ ಹೇಳಿದರು. ಕಾಕಾ ಮನೆಗೆ ಬಂದು ಚಪ್ಪಲಿ ಕೂಡ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತರು.

“ನಿಮ್ಮಣ್ಣನ ನೌಕರಿ ಯಾಕ ಹೋಗಿತ್ತು?”

ಕಾಕು ಎದ್ದು ನಿಂತಳು. “ಕಣ್ಣಿಂದ.”

“ನಿನಗ ಗೊತ್ತಿತ್ತು?”

“ಗೊತ್ತಿತ್ತು.”

“ಲಗ್ನದಾಗ ಯಾಕ ಹೇಳಲಿಲ್ಲ?”

“ಹೇಳಿದ್ರ ಮಾಡ್ಕೋತಿದ್ರೇನು?”

ಅದಕ್ಕೆ ಉತ್ತರ ಕೊಟ್ಟವರು ಆಯಿ. ಮೋಸ, ವಂಶ, ತವರು ಎಂಬ ಮಾತುಗಳು ಆ ಮನೆಯಲ್ಲಿ ಹತ್ತು ದಿನ ಹಾರಾಡಿದವು. ಅವ್ವ ಕಾಕುವಿನ ಪರವಾಗಿ ಬಾಯಿ ತೆರೆದಾಗ ಅಪ್ಪನೂ ಅವ್ವನೂ ಜಗಳಾಡಿದರು. ಅಡುಗೆಮನೆಯಲ್ಲಿ ಇನ್ನೊಂದು ಗ್ಯಾಸ್ ಒಲೆ ಬಂತು. ದೀಪಾವಳಿಗೆ ಅಂಗಡಿಯ ಪೂಜೆಯನ್ನು ಕಾಕಾ ಒಬ್ಬರೇ ಮಾಡಿದರು. ಹಬ್ಬದ ಮೂರನೇ ದಿನ ಕಾಕುವಿನ ಅಣ್ಣ ಬಂದ. ಕಾಕು ಎರಡು ಟ್ರಂಕು ಕಟ್ಟಿಕೊಂಡು ಶಿವೂನ ಜೊತೆ ಔರಂಗಾಬಾದಿಗೆ ಹೊರಟಳು. ನಾನು ಮೆಟ್ಟಿಲ ತುದಿಯಲ್ಲಿ ನಿಂತಿದ್ದೆ. ಶಿವು ನನ್ನ ಪಕ್ಕದಿಂದಲೇ ಇಳಿದುಹೋದ. ಅವನ ಕೈಚೀಲ ನನ್ನ ಮೊಣಕಾಲಿಗೆ ತಾಕಿತು. ತಿರುಗಿ ನೋಡಲಿಲ್ಲ.

ಎರಡನೇ ಅವಧಿ ಶುರುವಾದ ಮೊದಲ ವಾರ ಜಾಧವ ಸರ್ ನನ್ನನ್ನು ಕರೆಸಿದರು. ಶಿವು ಮನೆಯಿಂದ ತರುತ್ತಿದ್ದ ಹಲಗೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು.

“ಇವು ಯಾರ ಕೈಯವು?” ಎಂದು ಕೇಳಿದರು.

“ನನ್ನವು ಸರ್.”

“ಟೆಕ್ನಿಕಲ್‌ನಲ್ಲಿ ಒಂದು ಜಾಗ ಖಾಲಿ ಇದೆ. ಬರುತ್ತೀಯಾ?”

ಬೇಡ ಅನ್ನಬೇಕಿತ್ತು ಎಂದು ಎಷ್ಟೋ ವರ್ಷ ಅನ್ನಿಸಿದೆ. ಆದರೆ ಅವತ್ತು ನನ್ನ ಬಾಯಿಂದ ಬಂದದ್ದು ಹೂಂ. ಮನೆಯಲ್ಲಿ ಅಪ್ಪ ಬೇಡವೆನ್ನಲಿಲ್ಲ. ಬೇಡವೆನ್ನುವ ತ್ರಾಣವೇ ಅವರಲ್ಲಿ ಉಳಿದಿರಲಿಲ್ಲ. ಸಹಿ ಹಾಕಿ ಫಾರ್ಮನ್ನು ನನ್ನ ಕಡೆ ಸರಿಸಿದರು. ಆಯಿ ಮಾತ್ರ, “ಹುಡುಗನ್ನ ಎಬ್ಬಿಸಿ ಅವನ ಜಾಗಾದಾಗ ಕೂತಿ,” ಅಂದರು. ಖರೆಯೂ ಹಾಗೆಯೇ ಆಗಿತ್ತು. ಕಿಟಕಿಯ ಪಕ್ಕದ ಮೂರನೇ ಬೆಂಚು, ಶಿವು ಕೂರುತ್ತಿದ್ದದ್ದೇ. ಹದಿನೇಳು ಹುಡುಗರು, ನಾನೊಬ್ಬಳು. ಮೊದಲ ತಿಂಗಳು ಯಾರೂ ಮಾತಾಡಿಸಲಿಲ್ಲ. ನನ್ನ ಉಪಕರಣಗಳನ್ನು ಅಡಗಿಸಿಟ್ಟರು, ಹೆಸರಿಟ್ಟರು. ಅವೆಲ್ಲ ನನಗೆ ಬರಬೇಕಾದದ್ದೇ ಎಂದು ತಲೆ ತಗ್ಗಿಸಿ ಕೆಲಸ ಮಾಡಿದೆ. ಕೆಲಸ ಮಾಡುತ್ತ ಒಂದೊಂದು ಗಳಿಗೆ ಎಲ್ಲ ಮರೆತು ಖುಷಿಯಾಗುತ್ತಿತ್ತು. ಖುಷಿಯಾದದ್ದು ತಿಳಿದ ಕೂಡಲೇ ನಾಚಿಕೆಯಾಗುತ್ತಿತ್ತು. ಆ ಬೆಂಚಿನ ಮೇಲೆ ಕಲಿತದ್ದೇ ಇವತ್ತಿನ ನನ್ನ ಅನ್ನ. ಐಟಿಐನಲ್ಲಿ ವೈರಿಂಗ್ ಕಲಿಸುತ್ತೇನೆ. ಸಿಟ್ಟು, ಹಟ, ಮನುಷ್ಯರನ್ನು ಅಷ್ಟು ಬೇಗ ನಂಬದಿರುವುದು, ಎಲ್ಲ ಅಲ್ಲಿಂದಲೇ ಬಂದವು.

ಎಂಟು ತಿಂಗಳಾದ ಮೇಲೆ ಕಾಕಾ ಔರಂಗಾಬಾದಿಗೆ ಹೆಂಡತಿ ಮಗನನ್ನು ಕರೆತರಲು ಹೋದರು. ಶಿವು ಬರುವುದಿಲ್ಲ ಅಂದ. ನಾಲ್ಕು ದಿನಕ್ಕೆಂದು ಹೋದ ಕಾಕಾ ಒಂದು ತಿಂಗಳು ಅಲ್ಲೇ ಉಳಿದರು. ಮರುವರ್ಷ ಅಂಗಡಿಯ ತಮ್ಮ ಪಾಲನ್ನು ಅಪ್ಪನಿಗೆ ಬಿಟ್ಟುಕೊಟ್ಟು, ಅಲ್ಲೇ ಫ್ಯಾನು ಮೋಟಾರು ರಿಪೇರಿಯ ಸಣ್ಣ ಅಂಗಡಿ ಇಟ್ಟರು. ಹಬ್ಬಕ್ಕೆ ಬಂದರೆ ಕಾಕಾ ಒಬ್ಬರೇ ಬರುತ್ತಿದ್ದರು. ಆಯಿ ತೀರಿಕೊಂಡಾಗ ಕಾಕು ಬಂದಳು, ಶಿವು ಬಂದ. ಮೂರು ದಿನ ಒಂದೇ ಮನೆಯಲ್ಲಿದ್ದರೂ ಅವನು ನನ್ನ ಜೊತೆ ಆಡಿದ್ದು ಎರಡೇ ಮಾತು: ನೀರು ಕೊಡು, ಸಾಕು.

ಹನ್ನೊಂದು ವರ್ಷ ಹೀಗೆ ಕಳೆಯಿತು. ಪ್ರಾಕ್ಟಿಕಲ್ ಪರೀಕ್ಷೆಗೆ ಪರೀಕ್ಷಕಿಯಾಗಿ ನನ್ನನ್ನು ಔರಂಗಾಬಾದಿಗೇ ಹಾಕಿದರು. ಕಾಕಾಗೆ ಫೋನು ಮಾಡಿ ಬರುತ್ತೇನೆ ಅಂದೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಎದುರಿಗೆ ಶಿವು ನಿಂತಿದ್ದ. ತೆಳ್ಳಗಾಗಿದ್ದ, ಗಡ್ಡ ಬಿಟ್ಟಿದ್ದ. ನನ್ನ ಚೀಲ ತೆಗೆದುಕೊಂಡು, “ಮೊದಲು ದೌಲತಾಬಾದಿಗೆ ಬಾ, ಒಂದು ತಂಡ ಕಾಯ್ತಿದೆ, ಆಮೇಲೆ ಮನೆ,” ಎಂದು ಮರಾಠಿಯಲ್ಲಿ ಹೇಳಿದ, ನಿನ್ನೆಯಷ್ಟೇ ಬಿಟ್ಟುಹೋದವನಂತೆ. ಅವನು ಕೋಟೆ ತೋರಿಸುವ ಗೈಡ್ ಆಗಿದ್ದ. ದೊಡ್ಡ ಬಾಗಿಲಿನ ಮುಂದೆ ನಿಂತು ಇಪ್ಪತ್ತು ಜನಕ್ಕೆ ಹಿಂದಿಯಲ್ಲಿ ನಮಸ್ಕಾರ ಹೇಳಿ, “ನನಗೆ ಕೆಂಪು ಹಸಿರು ಕಾಣುವುದಿಲ್ಲ. ನಿಮ್ಮಲ್ಲಿ ಯಾರಾದರೂ ತಪ್ಪಿಸಿಕೊಂಡರೆ ಅಂಗಿಯ ಬಣ್ಣ ಹೇಳಬೇಡಿ, ಹೆಸರು ಹೇಳಿ,” ಅಂದ. ಜನ ನಕ್ಕರು. ಅವನೂ ನಕ್ಕ. ನಾನು ಕೋಟೆಯ ಗೋಡೆಗೆ ಮುಖ ತಿರುಗಿಸಿಕೊಂಡೆ.

ಇಳಿದು ಬರುವಾಗ, ಉಳಿದವರು ಮುಂದೆ ಹೋದ ಮೇಲೆ ಕೇಳಿದೆ.

“ಇನ್ನೂ ಸಿಟ್ಟದ ಏನು ಶಿವು?”

“ಪೊಲೀಸ್ ಸ್ಟೇಷನ್ನಿಗೆ ಹೋಗಿದ್ರೆ ಇವತ್ತು ಏನಾಗಿರ್ತಿದ್ದೆನೋ,” ಅಂದ. ಎರಡು ಮೆಟ್ಟಿಲು ಇಳಿದ ಮೇಲೆ, “ನನ್ನನ್ನ ಬಿಡು. ನಮ್ಮವ್ವನ ಹತ್ರ ಮಾತಾಡು,” ಅಂದ.

ಮಧ್ಯಾಹ್ನದ ಊಟಕ್ಕೆ ಕಾಕು ಬಡಿಸಿದಳು. ಕಾಕಾ ಉಂಡು ಅಂಗಡಿಗೆ ಹೋದರು, ಶಿವು ಕೈ ತೊಳೆಯಲು ಹಿಂದೆ ಹೋದ. ನಾನು ತಾಟಿನ ಮುಂದೆ ಕೂತೇ ಇದ್ದೆ. ಹನ್ನೊಂದು ವರ್ಷದಿಂದ ಕಟ್ಟಿಕೊಂಡಿದ್ದ ಮಾತು ಹೊರಬಂದದ್ದು ಮೂರೇ ಪದವಾಗಿ.

“ತಪ್ಪಾತು ಏನು, ಕಾಕು?”

ಅವಳು ಪಾತ್ರೆ ಮುಚ್ಚಿ ಎದುರು ಕೂತಳು. ಕೂದಲು ಅರ್ಧಕ್ಕರ್ಧ ಬೆಳ್ಳಗಾಗಿತ್ತು.

“ನೀ ಹೇಳಿದ್ದು ತಪ್ಪಲ್ಲ. ಹೇಳಿದ್ದಕ್ಕೇ ನನ್ನ ಮಗ ಉಳಿದ. ಅದಕ್ಕ ನಾ ಎಂದೂ ಸಿಟ್ಟಾಗಿಲ್ಲ.”

“ಮತ್ತ?”

“ಶನಿವಾರ ಬ್ಯಾಡ ಅಂದೆ, ಖರೆ. ಅವತ್ತು ಹೆದರಿದ್ದೆ. ಭಾನುವಾರ ನೀವೆಲ್ಲ ಪಂಚವಟಿಗಿ ಹೋದಾಗ ಅಂವ ನನ್ನ ಮುಂದ ಕೂತು ಒಂದು ಮಾತಾಡಲಿಲ್ಲ, ಒಂದು ತುತ್ತು ಉಣ್ಣಲಿಲ್ಲ. ಅವಾಗೇ ನಾ ತೀರ್ಮಾನ ಮಾಡಿದ್ದೆ, ನಾನೇ ಬಂದು ಹೇಳ್ಬೇಕಂತ. ಗಂಡಸರು ನನ್ನ ಕರ್ಕೊಂಡು ಹೋಗಂಗಿಲ್ಲ ಅಂತ ಗೊತ್ತಿತ್ತು. ನಿನ್ನ ಕೂಡ ಬರೋಣ ಅಂತ ಸೋಮವಾರ ಮುಂಜಾನೆ ಬಾಗಿಲದಾಗ ನಿಂತಿದ್ದೆ. ನೆನಪದ ಏನು ನಿನಗ?”

ನೆನಪಿತ್ತು. ಅವತ್ತು ಕಾಕು ಇಳಕಲ್ ಸೀರೆ ಉಟ್ಟು, ಕಾಲಿಗೆ ಚಪ್ಪಲಿ ಹಾಕಿಕೊಂಡು, ಮೆಟ್ಟಿಲ ಬಾಗಿಲಲ್ಲಿ ನಿಂತಿದ್ದಳು. ಹೋಗ್ತಿ ಏನು ಎಂದು ಕೇಳಿದ್ದಳು. ನಾನು ಅವಳ ಮುಖ ನೋಡಿದರೆ ಎಲ್ಲಿ ಧೈರ್ಯ ಹೋಗುತ್ತದೋ ಎಂದು ತಲೆ ತಗ್ಗಿಸಿ ಹೂಂ ಎಂದು, ಅವಳ ಸೆರಗಿಗೆ ತಾಕಿಕೊಂಡೇ ಇಳಿದು ರಿಕ್ಷಾ ಹತ್ತಿದ್ದೆ. ಗುಡಿಗೆ ಹೊರಟಿರಬೇಕು ಅಂದುಕೊಂಡಿದ್ದೆ.

“ನನ್ನ ಮಗಂದು ನಾ ಹೇಳ್ಬೇಕಿತ್ತು ಗಿರಿಜಾ,” ಕಾಕು ಅಂದಳು. “ಅಷ್ಟ.”